ಅವ್ವನಿಗೆ ಕೊಟ್ಟ ಕೋಣೆ

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳಲು ಶುರು ಮಾಡಿದರೆ ನಾನು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ. ಒಳಗೊಳಗೇ ಅದಕ್ಕೊಂದು ಕಾರಣ ಹುಡುಕುತ್ತಿದ್ದೆ. ನಿದ್ದೆಗಣ್ಣು, ಜ್ವರ, ಹೇಳುತ್ತ ಹೇಳುತ್ತ ಬೆಳೆದ ಮಾತು, ಹೀಗೆ ಏನಾದರೊಂದು ಸಿಗುತ್ತಿತ್ತು. ಸಿಗದಿದ್ದರೆ ಹೇಳುವವರು ಏನನ್ನೋ ಬಿಟ್ಟು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಈಗ ನಾನೇ ಹೇಳುವವಳಾಗಿದ್ದೇನೆ. ನಾನು ಏನನ್ನೂ ಬಿಟ್ಟಿಲ್ಲ. ಕಾರಣವೂ ಸಿಕ್ಕಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ನೆನೆದಾಗ ನನಗೆ ಭಯವಾಗುವುದಿಲ್ಲ, ಸಿಟ್ಟು ಬರುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಮೈಸೂರಿನಲ್ಲಿ ಓದು ಮುಗಿಸಿ, ಹಳೆಯ ಕಟ್ಟಡಗಳ ಅಳತೆಯ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಹೊಳೆನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಹಳೆಯ ಮಂಟಪವೊಂದಿತ್ತು. ಅದು ವಾಲುತ್ತಿದೆ ಎಂದು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಲು ಏರ್ಪಾಡಾಗಿತ್ತು. ಬಿಚ್ಚುವ ಮುಂಚೆ ಒಂದೊಂದು ಕಲ್ಲನ್ನೂ ಅಳೆದು ನಕ್ಷೆಗೆ ಇಳಿಸಬೇಕು. ಇಲ್ಲದಿದ್ದರೆ ಯಾವ ಕಲ್ಲು ಎಲ್ಲಿತ್ತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬಳೇ ಮಾಡುತ್ತೇನೆಂದು ನಾನಾಗಿ ಕೇಳಿ ತೆಗೆದುಕೊಂಡ ಮೊದಲ ಕೆಲಸ ಅದು. ಓದಿಸಿ, ಆಮೇಲೆ ತಮ್ಮಲ್ಲೇ ಕೆಲಸಕ್ಕೂ ಇಟ್ಟುಕೊಂಡಿದ್ದ ನಮ್ಮ ಮೇಷ್ಟ್ರಿಗೆ ಅರೆಮನಸ್ಸು. "ಹೆಣ್ಣುಮಕ್ಕಳನ್ನ ಹೊರಗೂರಿಗೆ ಕಳಿಸೋದು ಅಂದ್ರೆ ನಮಗೇ ತಲೆನೋವು ಕಣಮ್ಮ. ಉಳಿಯೋಕೆ ಜಾಗ ಸಿಗಲಿಲ್ಲ ಅಂದ್ರೆ ವಾಪಸ್ ಬಂದ್ಬಿಡು, ಬೇರೆ ಯಾರನ್ನಾದ್ರೂ ಕಳಿಸ್ತೀನಿ" ಎಂದಿದ್ದರು. ಆ ಬೇರೆಯವನು ಯಾರೆಂಬುದು ನನಗೂ ಗೊತ್ತಿತ್ತು, ಪಕ್ಕದ ಮೇಜಿನಲ್ಲಿ ಕೂತಿದ್ದ ಅವನಿಗೂ ಗೊತ್ತಿತ್ತು.

ಎಲ್ಲಿ ಉಳಿಯಬೇಕು ಎಂದು ಬಹಳ ಯೋಚಿಸಿದ್ದೆ. ಹಾಸನದಲ್ಲಿ ದೊಡ್ಡ ಹೋಟೆಲುಗಳಿವೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಆದರೆ ಮಂಟಪದ ಕೆತ್ತನೆಗಳು ಬಹಳ ಸವೆದಿದ್ದವು. ಬೆಳಗಿನ ಓರೆ ಬಿಸಿಲು ಬಿದ್ದಾಗ ಮಾತ್ರ ಗೆರೆಗಳು ಎದ್ದು ಕಾಣುತ್ತಿದ್ದವು. ಹೊತ್ತೇರಿದರೆ ಬರೀ ಕಲ್ಲು. ಹಾಸನದಿಂದ ಮೊದಲ ಬಸ್ಸು ಹಿಡಿದರೂ ಆ ಬೆಳಕು ಸಿಗುತ್ತಿರಲಿಲ್ಲ. ಚನ್ನರಾಯಪಟ್ಟಣ ಇನ್ನೊಂದು ದಿಕ್ಕಿಗಾಯಿತು. ಅರಕಲಗೂಡಿನಿಂದ ಬಸ್ಸು ಬದಲಾಯಿಸಬೇಕು. ಉಳಿದದ್ದು ಹೊಳೆನರಸೀಪುರವೇ.

ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿಗೆ ಹೋದೆ. ಕೌಂಟರಿನಲ್ಲಿದ್ದವನು ನನ್ನ ಆಧಾರ್ ಕಾರ್ಡು ನೋಡಿದ, ಕೆಲಸದ ಗುರುತಿನ ಚೀಟಿ ನೋಡಿದ, ಎರಡನ್ನೂ ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

"ಕಾರ್ಡೆಲ್ಲ ಸರಿಯಾಗೈತೆ ಮೇಡಂ. ಒಬ್ರೇ ಲೇಡೀಸ್‌ಗೆ ಕೊಡಲ್ಲ. ಓನರ್ ಹೇಳವ್ರೆ."

"ಯಾಕೆ?"

"ಯಾಕೆ ಅಂದ್ರೆ... ನಿಮ್ಮ ಒಳ್ಳೇದಕ್ಕೇ ಮೇಡಂ."

ನನ್ನ ಹಿಂದೆ ಒಬ್ಬ ಗಂಡಸು ನಿಂತಿದ್ದ. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅವನನ್ನು ಕೇಳಿದ್ದು ಒಂದೇ, ಮೇಲಿನ ರೂಮೋ ಕೆಳಗಿನದೋ ಎಂದು. ಅವನು ಬೀಗದ ಕೈ ತೆಗೆದುಕೊಂಡು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅವನಿಗಿಂತ ನಾನು ಯಾವುದರಲ್ಲಿ ಕಡಿಮೆಯಾದೆ ಎಂದು ಕೇಳಬೇಕೆನಿಸಿತು. ಕೇಳದೆ ಕಾರ್ಡುಗಳನ್ನು ಎತ್ತಿಕೊಂಡು ಹೊರಬಂದೆ. ಇನ್ನೊಂದು ಲಾಡ್ಜಿನಲ್ಲಿ ರೂಮು ಖಾಲಿ ಇಲ್ಲ ಎಂದರು. ಬೀಗದ ಕೈಗಳು ಅವರ ಬೆನ್ನ ಹಿಂದೆ ಮೊಳೆಗಳಲ್ಲಿ ಸಾಲಾಗಿ ತೂಗಾಡುತ್ತಿದ್ದವು.

ಹೊರಗೆ ನಿಂತಿದ್ದ ಆಟೋದವರು ಇದನ್ನೆಲ್ಲ ನೋಡಿದ್ದರೆಂದು ಕಾಣುತ್ತದೆ. "ಪ್ಯಾಟೆ ಬೀದೀಲಿ ಸರ್ವಮಂಗಳಮ್ಮನ ಮನೆ ಐತೆ ಮೇಡಂ. ದೇವಸ್ಥಾನಕ್ಕೆ ಬರೋರಿಗೆ ಮುಂದಿನ ರೂಮು ಕೊಡ್ತಾರೆ. ಆದ್ರೆ ಫ್ಯಾಮಿಲಿಗೇ ಕೊಡೋದು. ಕೇಳಿ ನೋಡ್ತೀರಾ?" ಎಂದರು. ಅಲ್ಲೂ ಇಲ್ಲವೆಂದರೆ ಮೈಸೂರಿಗೆ ಹೋಗುವ ರೈಲು ಹಿಡಿಯುವುದೆಂದು ನಿಶ್ಚಯಿಸಿಕೊಂಡೇ ಹತ್ತಿದೆ.

ಇನ್ನೂ ಬಿಸಿಲಿತ್ತು. ಹಳೆಯ ಮನೆ, ಜಗಲಿ, ಕೆಂಪು ಗಾರೆಯ ನೆಲ. ಬಾಗಿಲಿಗೆ ಬಂದ ಸರ್ವಮಂಗಳಮ್ಮನವರಿಗೆ ನಮ್ಮ ಅಮ್ಮನಿಗಿಂತ ಸ್ವಲ್ಪ ಹೆಚ್ಚು ವಯಸ್ಸಿರಬಹುದು. ಹಣೆಯಲ್ಲಿ ವಿಭೂತಿ, ಅದರ ಮೇಲೆ ಕುಂಕುಮ. ನಾನು ಒಬ್ಬಳೇ ಬಂದಿರುವುದಕ್ಕೆ ವಿವರಣೆ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಭುಜದಾಚೆ ನೋಡಿ, "ಬನ್ನಿ ಬನ್ನಿ. ದೊಡ್ಡವ್ರನ್ನ ಯಾಕವ್ವ ಬಿಸ್ಲಲ್ಲಿ ನಿಲ್ಸಿದ್ದೀಯ, ಒಳಿಕ್ಕೆ ಕರ್ಕೊಂಡು ಬಾ" ಎಂದರು. ಹಿಂತಿರುಗಿ ನೋಡಿದೆ. ಆಟೋ ತಿರುಗಿಸಿಕೊಂಡು ಹೋಗುತ್ತಿತ್ತು. ಬೀದಿಯಲ್ಲಿ ಬೇರೆ ಯಾರೋ ಗುರುತಿನವರಿಗೆ ಹೇಳಿದರೆಂದು ತಿಳಿದು ಒಳಗೆ ಹೋದೆ. ಒಂದು ಪ್ರಶ್ನೆಯೂ ಇಲ್ಲದೆ ಕೋಣೆ ತೋರಿಸಿದರು.

ಸ್ವಲ್ಪ ಹೊತ್ತಿಗೆ ಕಾಫಿ ಬಂತು. ಎರಡು ಲೋಟ.

"ನನಗೆ ಒಂದೇ ಸಾಕು" ಎಂದೆ.

"ನಿನಗೆ ಒಂದೇ. ಇನ್ನೊಂದು ನಿಮ್ಮವ್ವಾರಿಗೆ."

"ಯಾವ ಅವ್ವ? ನಾನು ಒಬ್ಬಳೇ ಬಂದಿರೋದು."

ಅವರು ನನ್ನ ಮುಖ ನೋಡಿ ನಕ್ಕುಬಿಟ್ಟರು. "ತಾಯಿ ಮಗಳು ದಾರೀಲಿ ಜಗಳ ಆಡ್ಕೊಂಡು ಬಂದ್ರಾ? ನಮ್ಮ ಮಗಳೂ ಇಂಗೇ ಕಣವ್ವ. ಮಾತು ಬಿಟ್ಲು ಅಂದ್ರೆ ವಾರಗಟ್ಲೆ."

ನನಗೆ ಮೊದಲು ಹೊಳೆದದ್ದು, ಇದು ಇವರ ಉಪಾಯವಿರಬೇಕು ಎಂದು. ಒಬ್ಬಳಿಗೇ ಕೋಣೆ ಕೊಟ್ಟರೆಂದು ಬೀದಿಯವರು ಆಡಿಕೊಳ್ಳದಂತೆ ನನ್ನ ಜೊತೆ ಒಬ್ಬ ತಾಯಿಯನ್ನು ತಾವೇ ಸೇರಿಸಿಕೊಂಡಿರಬೇಕು. ಇದು ದಯೆಯೇ ಇರಬಹುದು, ಆದರೂ ಮೈ ಉರಿಯಿತು. ಆ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಮನೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು, ಚೆನ್ನಾಗಿದ್ದಳು.

ದೀಪ ಹಚ್ಚುವ ಹೊತ್ತಿಗೆ ಹಸಿವಾಗಿತ್ತು. ಬೆಳಗಿನಿಂದ ಸರಿಯಾಗಿ ತಿಂದಿರಲಿಲ್ಲ. ಅಡುಗೆ ಆಗಿರುವುದು ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಸರ್ವಮಂಗಳಮ್ಮ ಮಾತ್ರ ಬಡಿಸುವ ಸೂಚನೆ ಕೊಡಲಿಲ್ಲ. ಕೇಳಿದ್ದಕ್ಕೆ, "ದೊಡ್ಡವ್ರು ಲಿಂಗಪೂಜೆಗೆ ಕೂತವ್ರೆ. ಅವ್ರು ಏಳೋಗಂಟ ನೀನು ಎಂಗೆ ಉಣ್ತೀಯ?" ಎಂದರು. ಲಿಂಗಪೂಜೆ ಮುಗಿಯದೆ ಹಿರಿಯರು ನೀರೂ ಮುಟ್ಟುವುದಿಲ್ಲ, ಅವರು ಉಣ್ಣದೆ ಕಿರಿಯರು ಕೂರುವುದಿಲ್ಲ, ಅದು ಆ ಮನೆಯ ಕ್ರಮ. ನಮ್ಮದು ಬೇರೆ ಪದ್ಧತಿಯ ಮನೆ. ಕೊರಳಿಗೆ ಲಿಂಗ ಕಟ್ಟಿಕೊಳ್ಳುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ.

ಇನ್ನು ಈ ಆಟ ಸಾಕು ಎಂದುಕೊಂಡು ಎದ್ದು ದೇವರ ಮನೆಯ ಬಾಗಿಲಿಗೆ ಹೋದೆ. ಒಳಗೆ ದೀಪ ಉರಿಯುತ್ತಿತ್ತು. ಒಂದು ಮಣೆ, ಅದರ ಮುಂದೆ ಸಣ್ಣ ತಟ್ಟೆಯಲ್ಲಿ ಪತ್ರೆ, ಒಂದು ವಿಭೂತಿ ಗಟ್ಟಿ, ತಂಬಿಗೆಯಲ್ಲಿ ನೀರು. ಮಣೆಯ ಮೇಲೆ ಯಾರೂ ಇರಲಿಲ್ಲ. ಸರ್ವಮಂಗಳಮ್ಮ ನನ್ನ ಹಿಂದೆ ಬಂದು ನಿಂತು, ಪೂಜೆಯ ಮನೆಯಲ್ಲಿ ಮಾತಾಡುವಾಗಿನ ತಗ್ಗಿದ ದನಿಯಲ್ಲಿ, "ಬೆಳಕಿಗೆ ಅಡ್ಡ ನಿಂತ್ಕಬೇಡ, ಅವ್ರಿಗೆ ಕಾಣಕಿಲ್ಲ" ಎಂದರು. ಅವರ ಕಣ್ಣು ಮಣೆಯ ಮೇಲೇ ಇತ್ತು. ನಟನೆ ಮಾಡುವವರ ಕಣ್ಣು ನನಗೆ ಗೊತ್ತಾಗುತ್ತದೆ. ಅದು ಆ ಕಣ್ಣಲ್ಲ. ನಾವಿಬ್ಬರೂ ಒಂದೇ ಮಣೆಯನ್ನು ನೋಡುತ್ತ ನಿಂತಿದ್ದೆವು. ಕೊನೆಗೆ ಅವರು ಮೆಲ್ಲಗೆ "ಎದ್ರು" ಎನ್ನುತ್ತ ನನ್ನ ರಟ್ಟೆ ಹಿಡಿದು ಬಾಗಿಲಿನಿಂದ ಪಕ್ಕಕ್ಕೆ ಎಳೆದರು. ದಾರಿ ಬಿಡುವುದಕ್ಕೆ.

ನನಗೆ ಏನೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ. ಗಾಳಿ ಸುಳಿಯಿತು, ದೀಪ ಅಲುಗಿತು ಎಂದೆಲ್ಲ ಬರೆಯಬಹುದಿತ್ತು, ಅಂಥದ್ದೇನೂ ಆಗಲಿಲ್ಲ. ಊಟ ಬಡಿಸಿದರು, ಉಂಡೆ. ಪರವೂರಿನ ಕೋಣೆಗಳಲ್ಲಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗುವುದು ನನ್ನ ಅಭ್ಯಾಸ. ಅವತ್ತು ಅದೂ ನೆನಪಾಗದೆ ನಿದ್ದೆ ಹೋದೆ.

ಬೆಳಗಿನ ಬಿಸಿಲು ಹಿಡಿಯಲು ಎದ್ದು ಹೊರಟಾಗ ಮನೆಯ ಯಜಮಾನರು ಶಿವಣ್ಣನವರು ಜಗಲಿಯಲ್ಲಿದ್ದರು. ಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ಹಿಂದಿನ ಸಂಜೆ ಅವರು ಮನೆಯಲ್ಲಿರಲಿಲ್ಲ. ಹೆಂಡತಿ ಹೇಳಿಕೊಟ್ಟಿರಬಹುದು ಎಂದು ನೀವು ಅನ್ನಬಹುದು, ನಾನೂ ಅಂದುಕೊಂಡೆ.

"ನಿಮ್ಮವ್ವಾರು ಆಗ್ಲೇ ಎದ್ದು ಇಲ್ಲೇ ಕೂತಿದ್ರು ಕಣವ್ವ. ಯಾವೂರ ಕಡೇರು ಅಂತ ಕೇಳ್ದೆ. ಕಟ್ಟಾಯದ ಕಡೆ ಅಂದ್ರು. ಮಗಳು ನನ್ನ ಕುಟೆ ಮಾತಾಡಕಿಲ್ಲ ಅಂತ ಬೇಜಾರು ಮಾಡ್ಕಂಡ್ರು."

ಕಟ್ಟಾಯದಲ್ಲಿ ನಮಗೆ ಯಾರೂ ಇಲ್ಲ. ಆ ಊರನ್ನು ನಾನು ನೋಡಿಯೂ ಇಲ್ಲ. "ನೋಡೋಕೆ ಹೇಗಿದ್ರು?" ಎಂದು ಕೇಳಿದೆ. ಶಿವಣ್ಣನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮವ್ವನ್ನ ನೋಡಕ್ಕೆ ಎಂಗವ್ರೆ ಅಂತ ನನ್ನ ಕೇಳ್ತೀಯಲ್ಲ. ಓದಿರೋರು ಅಂದ್ರೆ ಇಂಗೇನಾ?"

ಕೆಲಸಕ್ಕೆ ಹೋದೆ. ಟೇಪಿನ ತುದಿಗೆ ಕಲ್ಲು ಹೇರಿ, ಇನ್ನೊಂದು ತುದಿ ನಾನು ಹಿಡಿದು, ಒಂದೊಂದು ಕಂಬವನ್ನೂ ಅಳೆದೆ. ಓರೆ ಬೆಳಕಿನಲ್ಲಿ ಗೆರೆಗಳು ಎದ್ದು ಬಂದವು. ಅಷ್ಟು ಚೆನ್ನಾಗಿ ನಾನು ಹಿಂದೆ ಯಾವತ್ತೂ ಬರೆದಿರಲಿಲ್ಲ. ಸಂಜೆ ಬಂದು ಗಂಡಹೆಂಡಿರಿಬ್ಬರನ್ನೂ ಕೂರಿಸಿ ಸ್ಪಷ್ಟವಾಗಿ ಹೇಳಿದೆ: ನನ್ನ ಜೊತೆ ಯಾರೂ ಬಂದಿಲ್ಲ, ಈ ಕೋಣೆಯಲ್ಲಿ ಇರುವವಳು ನಾನೊಬ್ಬಳೇ, ನೀವು ಕೋಣೆ ಕೊಟ್ಟಿರುವುದು ನನಗೆ. ಹೊರಗೆ ಹೋಗು ಎಂದರೂ ಸರಿ, ಯಾರದೋ ಹೆಸರಿನಲ್ಲಿ ಇರುವುದು ಬೇಡ ಎನ್ನಿಸಿತ್ತು. ಸರ್ವಮಂಗಳಮ್ಮ ಎದ್ದು ಒಳಗೆ ಹೋದರು. ಶಿವಣ್ಣನವರು, "ಇದ್ದೋರ್ನ ಇಲ್ಲ ಅನ್ಬಾರ್ದು ಕಣವ್ವ. ಕೇಳುಸ್ಕಂಡ್ರೆ ಎಷ್ಟು ನೊಂದ್ಕಂತಾರೆ" ಎಂದರು. ಒಳಗಿನಿಂದ ಸರ್ವಮಂಗಳಮ್ಮ ಯಾರನ್ನೋ ಸಮಾಧಾನ ಮಾಡುತ್ತಿದ್ದ ದನಿ ಕೇಳಿಸಿತು. "ಉಡುಗ್ರು ಅಂಗೇ ಕಣವ್ವಾರೇ, ಮನಸ್ಸಿಗೆ ಅಚ್ಕಬೇಡಿ" ಎನ್ನುತ್ತಿದ್ದರು.

ಆಮೇಲೆ ನಾನು ಆ ಮಾತೆತ್ತಲಿಲ್ಲ. ಕೆಲಸ ಮುಗಿಯುವ ತನಕ ಅಲ್ಲೇ ಉಳಿದೆ. ಪ್ರತಿ ಸಂಜೆ ಪೂಜೆ ಮುಗಿಯಲೆಂದು ಹಸಿದು ಕಾದೆ. ನಕ್ಷೆ ಒಪ್ಪಿಸಿದಾಗ ಮೇಷ್ಟ್ರು ಹಾಳೆ ಬಿಚ್ಚುವ ಮೊದಲು ಕೇಳಿದ್ದು, "ಯಾರ ಜೊತೆ ಉಳ್ಕೊಂಡೆ?" ಎಂದು.

ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಗಂಡಹೆಂಡತಿ ಇಬ್ಬರಿಗೂ ಒಂದೇ ಭ್ರಮೆ ಎನ್ನೋಣ. ಆದರೆ ಸಂಸಾರಸ್ಥರಿಗೆ ಮಾತ್ರ ಕೋಣೆ ಕೊಡುವವರು, ಕಂಡ ಕೂಡಲೇ ಕೊಟ್ಟರಲ್ಲ? ಆ ಮುದುಕಿ ಯಾರು, ನನ್ನ ಬೆನ್ನಿಗೆ ಯಾಕೆ ಬಂದರು, ಗೊತ್ತಿಲ್ಲ. ಅದಕ್ಕಿಂತ ನನ್ನನ್ನು ಕೊರೆಯುವುದು ಇನ್ನೊಂದು. ನಾನು ಓದಿದ್ದೆ, ಸಂಪಾದಿಸುತ್ತಿದ್ದೆ, ಗುರುತಿನ ಚೀಟಿ ಹಿಡಿದು ಹಗಲಿನಲ್ಲಿ ಎದುರಿಗೇ ನಿಂತಿದ್ದೆ. ಆ ಊರಿಗೆ ನಾನು ಕಾಣಲಿಲ್ಲ. ಇಲ್ಲದ ಒಬ್ಬರು ಕಂಡರು. ಅವರಿಗೆ ಯಾರೂ ಕಾರ್ಡು ಕೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಮಂಟಪ ಮತ್ತೆ ಕಟ್ಟುತ್ತಿದ್ದಾಗ, ಕಲ್ಲುಗಳು ನಕ್ಷೆಯ ಪ್ರಕಾರ ಕೂತಿವೆಯೇ ಎಂದು ನೋಡಲು ನನ್ನನ್ನು ಕರೆದರು. ಮತ್ತದೇ ಬೆಳಗಿನ ಬೆಳಕು ಬೇಕಿತ್ತು. ನೇರವಾಗಿ ಪೇಟೆ ಬೀದಿಗೆ ಹೋದೆ. ಸರ್ವಮಂಗಳಮ್ಮ ಗುರುತು ಹಿಡಿದು, ಕೈ ಹಿಡಿದು ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟರು. ಒಂದೇ ಲೋಟ. ಬೀದಿಯ ಆ ತುದಿ ಈ ತುದಿ ನೋಡಿದರು.

"ಅವ್ವಾರು ಬರ್ಲಿಲ್ವಾ?"

"ಇಲ್ಲ."

"ಮತ್ತೆ ಯಾರ ಜೊತೆ ಬಂದೆ?"

"ನಾನೇ ಬಂದೆ."

ಅವರ ಮುಖ ಸಣ್ಣಗಾಯಿತು. ಲೋಟವನ್ನು ಸೆರಗಿನಿಂದ ಒರೆಸುತ್ತ, "ಒಬ್ಳೇ ಅಂದ್ರೆ ನಮ್ಮನೇರು ಒಪ್ಪಕಿಲ್ಲ ಕಣವ್ವ. ನಾಕು ಜನ ನೋಡೋ ಬೀದಿ. ಬೇಜಾರು ಮಾಡ್ಕಬೇಡ" ಎಂದರು.

ನಾನು ಚೀಲ ಎತ್ತಿಕೊಂಡೆ. ಜಗಲಿಯ ಮೆಟ್ಟಿಲಿಳಿಯುವಾಗ ಹಿಂದಕ್ಕೆ ತಿರುಗಿ ನೋಡಿದೆ. ಹುಡುಕಿದ್ದು ಸರ್ವಮಂಗಳಮ್ಮನನ್ನಲ್ಲ, ಆ ಮುದುಕಿಯನ್ನು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲವಲ್ಲ ಎಂದು ಆ ಗಳಿಗೆಯಲ್ಲಿ ನನಗೆ ನಿರಾಸೆಯಾಯಿತು. ಲಾಡ್ಜಿನವನ ಮೇಲಿನ ಸಿಟ್ಟು ಎಂದೋ ಇಳಿಯಿತು. ನನ್ನ ಆ ನಿರಾಸೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.