ಗುಂಡ್ಲುಪೇಟೆಗೆ ಹೋಗಿ ಬಂದ ಬ್ಯಾಟರಿ ಗಾಡಿ

ನನ್ನ ಗೆಳೆಯ ಮಲ್ಲಿಕಾರ್ಜುನಸ್ವಾಮಿ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಕಾಮಾಲೆ. ವಯಸ್ಸು ನಲವತ್ತು ದಾಟಿರಲಿಲ್ಲ. ಹಂಗಳದ ಶಾಲೆಯಲ್ಲಿ ಒಟ್ಟಿಗೆ ಕೂತು ಓದಿದವರು ನಾವು. ನಾನು ಮೇಷ್ಟ್ರಾದೆ, ಅವನು ಡ್ರೈವರಾದ.

ತೊಂಬತ್ತೇಳರಲ್ಲಿ ಅವನು ಚಾಮರಾಜನಗರದ ಒಂದು ಖಾಸಗಿ ಡೈರಿಯಲ್ಲಿ ದಿನಗೂಲಿಗೆ ಗಾಡಿ ಓಡಿಸುತ್ತಿದ್ದ. ಡೀಸೆಲ್ ಖರ್ಚು ಉಳಿಸಬೇಕೆಂದು ಡೈರಿಯವರು ಬ್ಯಾಟರಿಯಲ್ಲಿ ಓಡುವ ಮೂರು ಚಕ್ರದ ಗಾಡಿಯೊಂದನ್ನು ಪರೀಕ್ಷೆಗೆ ತರಿಸಿದರು. ಹಾಲಿನ ಕ್ಯಾನುಗಳ ತೂಕದಷ್ಟು ಮರಳುಮೂಟೆ ಹೇರಿಕೊಂಡು ಅದು ಒಂದೇ ಚಾರ್ಜಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಬರಬೇಕು. ಬಂದರೆ ಅಂಥವೇ ಮೂರು ಗಾಡಿ ಕೊಂಡು ಮೂವರು ಡ್ರೈವರುಗಳನ್ನು ಕಾಯಂ ಮಾಡುತ್ತಾರೆ. ಬರದಿದ್ದರೆ ಹಾಲು ಸಾಗಿಸುವ ಕೆಲಸ ಹೊರಗಿನ ಲಾರಿಯವರಿಗೆ.

ಗಾಡಿ ಬರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ವಾಪಸಾಗುವಾಗ ತೆರಕಣಾಂಬಿ ಹತ್ತಿರದ ಏರಿನಲ್ಲಿ ನಿಂತುಬಿಡುತ್ತಿತ್ತು. ಅದನ್ನು ಬಿಟ್ಟು ಹೋಗುವಂತಿಲ್ಲ. ಎಳೆಯಲು ಟ್ರ್ಯಾಕ್ಟರ್ ಬರುವ ತನಕ ಸ್ವಾಮಿ ಅದರೊಳಗೇ ಬೇಯುತ್ತಾ ಕೂತಿರಬೇಕು. ಬಸ್ಸಿನಲ್ಲಿ ಹೋಗುವವರು, "ಏನ್ಲಾ ಸ್ವಾಮಿ, ಸೆಲ್ ಮುಗೀತಾ?" ಎಂದು ಕಿಟಕಿಯಿಂದ ಕೂಗುತ್ತಿದ್ದರು.

ಕೊನೆಯ ಪರೀಕ್ಷೆಯ ದಿನ ಅವನು ಊರಾಚೆ ಸುಂದ್ರಮ್ಮನ ಟೀ ಅಂಗಡಿಯ ಹಿಂದೆ ಮೂಟೆಗಳಲ್ಲಿ ಅರ್ಧದಷ್ಟನ್ನು ಇಳಿಸಿ ಹೋದ. ಬರುವಾಗ ಮತ್ತೆ ಹೇರಿಕೊಂಡ. ಮ್ಯಾನೇಜರು ಗಾಡಿಗೆ ಹಾರ ಹಾಕಿಸಿದರು.

ಮೂರು ಗಾಡಿ ಬಂದವು. ಸ್ವಾಮಿಗೆ ಊರೊಳಗಿನ ಸುಲಭದ ಕೆಲಸ ಸಿಕ್ಕಿತು. ಗುಂಡ್ಲುಪೇಟೆ ದಾರಿ, ಅವನ ಜೊತೆ ಕಾಯಂ ಆದ ಡ್ರೈವರ್ ಪುಟ್ಟಮಾದುವಿನ ಪಾಲಿಗೆ ಬಂತು. ಅದೇ ಏರಿನಲ್ಲಿ ಗಾಡಿ ನಿಂತು ಹಾಲು ಒಡೆಯತೊಡಗಿತು. "ಸ್ವಾಮಿ ಓಡಿಸಿದ ಗಾಡಿ ನಿನ್ನ ಕೈಲಿ ಯಾಕೆ ಓಡಲ್ಲ? ದಾರೀಲಿ ಮಲಗ್ತೀಯೇನೋ?" ಎಂದು ಮ್ಯಾನೇಜರು ಬೈದರು.

ಪುಟ್ಟಮಾದು ಸ್ವಾಮಿಯ ಮನೆಗೇ ಬಂದ. "ಅಣ್ಣ, ನೀನೆಂಗೆ ಓಡುಸ್ದೆ ಅಂತ ಒಸಿ ಹೇಳ್ಕೊಡು."

"ಮೆಲ್ಲಗೆ ಬುಡು ಕಣ್ಲಾ. ಏರಿಗೆ ಮುಂಚೆ ಬ್ರೇಕ್ ಮುಟ್ಬೇಡ" ಎಂದ ಸ್ವಾಮಿ.

ಪುಟ್ಟಮಾದು ಹಾಗೇ ಮಾಡಿದ. ಗಾಡಿ ಹಾಗೇ ನಿಂತಿತು. ಅವನನ್ನು ಕೆಲಸದಿಂದ ತೆಗೆಯುತ್ತಾರೆಂದು ಗೊತ್ತಾದಾಗ ಸ್ವಾಮಿ ಮ್ಯಾನೇಜರ ಬಳಿ ಹೋಗಿ ಆ ದಾರಿಯನ್ನು ತಾನೇ ಕೇಳಿ ಪಡೆದ.

ಆಮೇಲೆ ಎರಡು ವರ್ಷ, ಕಾಯಿಲೆ ಬೀಳುವ ತನಕ, ಆ ಏರಿನಲ್ಲಿ ಕೂತ. ಒಮ್ಮೆ ಓಡಿಸಿ ತೋರಿಸಿದವನೆಂದು ಅವನನ್ನು ತೆಗೆಯಲಿಲ್ಲ. ಮೈಗಳ್ಳನಾದ ಎಂದರು, ಒಡೆದ ಹಾಲಿಗೆ ಸಂಬಳದಲ್ಲಿ ಹಿಡಿದರು. ಇಷ್ಟನ್ನೂ ಅವನು ನನಗೆ ಹೇಳಿದ್ದು ಆಸ್ಪತ್ರೆಯಲ್ಲಿ. "ನಿಜ ಹೇಳ್ಬುಟ್ರೆ ಮೂರು ಗಾಡೀನೂ ಓಯ್ತವೆ, ಮೂರು ಮನೆ ಅನ್ನಾನೂ ಓಯ್ತದೆ. ಹೇಳ್ದೆ ಇದ್ರೆ ಪುಟ್ಟಮಾದು ಓಯ್ತಾನೆ. ಎತ್ಲಾಗೆ ಓಗನ ಹೇಳು?" ಎಂದ.

ಮಣ್ಣು ಮಾಡಿದ ಮೇಲೆ ಪುಟ್ಟಮಾದು ನನ್ನ ಪಕ್ಕ ಬಂದು ನಿಂತ. "ಮೇಷ್ಟ್ರೇ, ಆ ಗಾಡೀನ ಒಂದ್ಸಲನಾದ್ರೂ ಓಗಿ ಬರಂಗೆ ಓಡ್ಸಿದ್ದು ಸ್ವಾಮಣ್ಣ ಒಬ್ನೇ. ನಾಳೆಯಿಂದ ಆ ದಾರಿ ತಿರ್ಗಾ ನಂಗೇ" ಎಂದ.

ಸುಮ್ಮನಿರಲು ನನ್ನಿಂದಾಗಲಿಲ್ಲ. "ಅವನೂ ಓಡಿಸಿರಲಿಲ್ಲ ಕಣಪ್ಪ" ಎಂದು ಮೂಟೆಗಳ ವಿಷಯ ಹೇಳಿದೆ.

ಪುಟ್ಟಮಾದು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇದ ಇನ್ಯಾರ್ಗೂ ಹೇಳ್ಬೇಡಿ ಮೇಷ್ಟ್ರೇ" ಎಂದ.