ವಾಯಿದೆಯ ದಿನ ಬಾಗಿಲು ತಟ್ಟುವ ರಮ್ಲತ್

ಕೊಲ್ಲಮೊಗ್ರಿನಲ್ಲಿ ಜೀಪು ಇಳಿದ ರಮ್ಲತ್ ಮಂಡಿ ಹಿಡಿದುಕೊಂಡೇ ಏರು ಹತ್ತುತ್ತಾರೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಮೇಲಿನ ಮನೆಯ ಗಿರಿಧರನಿಗೆ (ಹೆಸರು ಬದಲಿಸಿದ್ದೇನೆ) ಇವತ್ತು ಸುಳ್ಯ ಕೋರ್ಟಿನಲ್ಲಿ ವಾಯಿದೆ. ಗೆಳೆಯರ ಜೊತೆ ಸೇರಿ ಬೈಕ್ ಕದ್ದ ಆರೋಪ ಹೊತ್ತು ಜಾಮೀನಿನಲ್ಲಿರುವ ಹತ್ತೊಂಬತ್ತರ ಹುಡುಗ ಕಳೆದ ಸಲ ಹಾಜರಾಗಿರಲಿಲ್ಲ. ವಕೀಲರು ನ್ಯಾಯಾಧೀಶರಿಗೆ ಹೇಗೋ ಸಮಾಧಾನ ಹೇಳಿದ್ದರು. ಇವತ್ತೂ ತಪ್ಪಿದರೆ ವಾರಂಟ್.

ಅಂಗಳದಲ್ಲಿ ತಾಯಿ ಮಾತ್ರ ಇದ್ದಾರೆ. "ರಬ್ಬರ್ ಟ್ಯಾಪಿಂಗಿಗೆ ಹೋದ ರಮ್ಲತಕ್ಕ. ಕೋರ್ಟಿಗೆ ಹೋಗುದಿಲ್ಲ ಅಂತಾನೆ. ನಾನು ಹೇಳಿದ್ರೆ ಕೇಳುದಿಲ್ಲ."

ತೋಟದಲ್ಲಿ ಹಾಲಿಗಾಗಿ ಮರದ ತೊಗಟೆ ಕೆತ್ತುತ್ತಿರುವ ಗಿರಿಧರ ತಲೆ ಎತ್ತುವುದಿಲ್ಲ. "ಎಂತಕ್ಕೆ ಬರುದು? ದಿನವಿಡೀ ನಿಲ್ಲಿಸಿ ಮತ್ತೆ ವಾಯಿದೆ ಹಾಕ್ತಾರೆ. ಜನ ಕಳ್ಳನ ಹಾಗೆ ನೋಡುದು."

ರಮ್ಲತ್ ಬೈಯುವುದಿಲ್ಲ. ಕಲ್ಲೊಂದರ ಮೇಲೆ ಕೂರುತ್ತಾರೆ. "ನೋಡ್ಲಿ ಮಾರಾಯ. ನೀನು ಬಾರದಿದ್ರೆ ಪೊಲೀಸರು ಬರ್ತಾರೆ. ಅಮ್ಮನ ಎದುರೇ ಕರ್ಕೊಂಡು ಹೋಗ್ತಾರೆ. ಕೆಲಸ ಮುಗಿಸು, ನಾನು ಕಾಯ್ತೇನೆ."

ಗುತ್ತಿಗಾರಿನ ರಮ್ಲತ್ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ವಿಚಾರಣೆ ಎದುರಿಸುತ್ತಿರುವ ಹುಡುಗರಿಗೆ ವಾಯಿದೆ ನೆನಪಿಸುವುದು, ಕೆಲಸ ಕೊಟ್ಟವರಲ್ಲಿ ರಜೆ ಕೇಳುವುದು, ವಕೀಲರ ಮಾತನ್ನು ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಬಿಡಿಸಿ ಹೇಳುವುದು ಅವರ ಕೆಲಸ. ಫೋನ್ ಸಿಗದ ಊರಿಗೆ ತಾವೇ ಹೋಗುತ್ತಾರೆ.

ಇದಕ್ಕೆ ಇಳಿದದ್ದು ಅಕ್ಕನ ಮಗ ಝಾಕಿರ್‌ನಿಂದಾಗಿ. ಜಾಮೀನಿನಲ್ಲಿದ್ದವನು ವಾಯಿದೆ ಯಾವತ್ತೆಂದು ಗೊತ್ತಿಲ್ಲದೆ ಹಾಜರಾಗಲಿಲ್ಲ. ವಾರಂಟ್ ಆಗಿ ಜೈಲು ಸೇರಿದ. ಅವನು ಒಳಗಿರುವಾಗಲೇ ತಾಯಿ ತೀರಿಕೊಂಡರು. "ಆಮೇಲೆ ಕೇಸು ಬಿದ್ದುಹೋಯ್ತು. ಅವನು ಏನೂ ಮಾಡಿರಲಿಲ್ಲ. ಆದರೆ ಅಕ್ಕ ಅದನ್ನು ಕೇಳ್ಲಿಕ್ಕೆ ಇರ್ಲಿಲ್ಲ."

ಗಿರಿಧರ ಕೊನೆಗೂ ಅಂಗಿ ಬದಲಿಸಿ ಬರುತ್ತಾನೆ. ಕೋರ್ಟಿನ ಜಗಲಿಯಲ್ಲಿ ಮಧ್ಯಾಹ್ನದವರೆಗೂ ನಿಲ್ಲುತ್ತೇವೆ. ಹೆಸರು ಕೂಗಿದಾಗ ಒಳಗೆ ಹೋದವನು ಕ್ಷಣದಲ್ಲೇ ಹೊರಗೆ ಬರುತ್ತಾನೆ. ಸಾಕ್ಷಿ ಬಂದಿಲ್ಲ, ಮತ್ತೆ ವಾಯಿದೆ. ವಾರಂಟ್ ಆಗಲಿಲ್ಲ, ಅಷ್ಟೇ.

"ನಾನು ಹೇಳಿದ್ದಲ್ವಾ?" ಎನ್ನುತ್ತಾನೆ.

"ಹೌದು," ಎಂದು ಒಪ್ಪಿಕೊಳ್ಳುತ್ತಾರೆ ರಮ್ಲತ್. "ಯಾವತ್ತಿಗೆ ಕೊಟ್ರು?"

ಅವನು ತಾರೀಕು ಹೇಳುತ್ತಾನೆ. ಬಸ್ಸಿನ ಮೆಟ್ಟಿಲು ಹತ್ತಿದವನು ತಿರುಗಿ, "ಆ ದಿನ ನಾನೇ ಬರ್ತೇನೆ" ಎನ್ನುತ್ತಾನೆ.

ಬಸ್ಸು ಹೋದ ಮೇಲೆ ರಮ್ಲತ್ ಚಪ್ಪಲಿ ಕಳಚಿ ಕಾಲು ನೀವಿಕೊಳ್ಳುತ್ತಾರೆ. "ಹೀಗೆ ಹೇಳಿ ಬಾರದವರೂ ಇದ್ದಾರೆ. ನೋಡುವ."

ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

"ಮುಂದೊಂದು ದಿನ ಇವರೆಲ್ಲ ಕೋರ್ಟು ಕೇಸು ಮರೆತು ಪೇಟೆಯಲ್ಲಿ ಹೆಂಡತಿ ಮಕ್ಕಳ ಜೊತೆ ಸಿಗ್ಬೇಕು. ನನ್ನನ್ನು ನೋಡಿ, ಗುರ್ತ ಇಲ್ಲದ ಹಾಗೆ ದಾಟಿ ಹೋಗ್ಬೇಕು. ನನಗೆ ಬೇಜಾರಿಲ್ಲ."