ಖಾಲಿ ಹೊಟ್ಟೆಯ ರಕ್ತ

ಆರೋಗ್ಯವಂತರ ರಕ್ತ ತೆಗೆಯುವುದು ರೋಗಿಗಳ ರಕ್ತ ತೆಗೆಯುವುದಕ್ಕಿಂತ ಕಷ್ಟ. ರೋಗಿ ಹೇಳಿದ ಮಾತು ಕೇಳುತ್ತಾನೆ. ಆರೋಗ್ಯವಂತ, ತನಗೇನೂ ಆಗಿಲ್ಲವಲ್ಲ ಎಂಬ ಧೈರ್ಯದಲ್ಲಿ ಚಾ ಕುಡಿದೇ ಬರುತ್ತಾನೆ. ಮಣಿಪಾಲದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದಾಗ ಕೆಲವು ತಿಂಗಳು ನಾನು ಇದೇ ಕೆಲಸ ಮಾಡಿದೆ. ನಾವು ಅಳೆಯುತ್ತಿದ್ದದ್ದು ಪಿತ್ತರಸದ ಆಮ್ಲವನ್ನು. ಅದು ರಕ್ತದಲ್ಲಿಯೂ ಅಷ್ಟಿಷ್ಟು ಇರುತ್ತದೆ. ಲಿವರಿಗೆ ತೊಂದರೆಯಾದರೆ ಏರುತ್ತದೆ. ಎಷ್ಟು ಏರಿದರೆ ಕಾಯಿಲೆ ಎನ್ನಲು, ಕಾಯಿಲೆ ಇಲ್ಲದವರಲ್ಲಿ ಎಷ್ಟಿರುತ್ತದೆ ಎಂದು ಮೊದಲು ಗೊತ್ತಿರಬೇಕಲ್ಲ? ನಮ್ಮ ಊರಿನವರದ್ದೇ ಲೆಕ್ಕ ಬೇಕೆಂದು ನಮ್ಮ ಡಾಕ್ಟರ್ ಮೇಡಂ ಹಟ ಹಿಡಿದಿದ್ದರು. ಊಟವಾದ ಮೇಲೆ ಆ ಆಮ್ಲ ಯಾರಿಗಾದರೂ ಏರುತ್ತದೆ. ಆದ್ದರಿಂದ ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಅಷ್ಟೇ ನಿಯಮ.

ಅಷ್ಟನ್ನು ಪಾಲಿಸಲು ನಮ್ಮ ಜನಕ್ಕೆ ಆಗಬೇಕಲ್ಲ! ಪೆರ್ಡೂರಿನಿಂದ ಬಂದ ಹಿರಿಯರೊಬ್ಬರು, "ತಿಂಡಿ ಎಂತದೂ ತಿನ್ನಲಿಲ್ಲ, ಎರಡು ಬನ್ಸ್ ಮಾತ್ರ" ಎಂದರು. ಅಂಥವರ ಫಲಿತಾಂಶವನ್ನು ಕೆಂಪು ಗೆರೆ ಎಳೆದು ಬದಿಗಿಡುತ್ತಿದ್ದೆ. ಕ್ರಮೇಣ ಯಾರ ಮಾತನ್ನೂ ನಂಬದಿರುವುದು ಅಭ್ಯಾಸವಾಯಿತು. ಅದನ್ನೇ ಅನುಭವ ಎಂದುಕೊಂಡು ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಆರೋಗ್ಯವಂತ ಬಸುರಿಯರೂ ಪಟ್ಟಿಗೆ ಬೇಕೆಂದಾಗ ನನ್ನ ತಂಗಿಯನ್ನು ಕರೆದೆ. ಮದುವೆಯಾಗಿ ಆರು ವರ್ಷ ಕಾದ ಮೇಲೆ ಅವಳಿಗೆ ನಿಂತ ಮೊದಲ ಬಸುರು ಅದು. ಕಾರ್ಕಳದ ಗಂಡನ ಮನೆಯಲ್ಲಿ ಏಳನೇ ತಿಂಗಳ ಬಯಕೆಯ ಶಾಸ್ತ್ರ ಮುಗಿಸಿ, ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಳು. ಮಧ್ಯಾಹ್ನ ನಾನು ಅವಳನ್ನು ಕಾಪುವಿನ ಅಮ್ಮನ ಮನೆಗೆ ಬಿಡುವುದೆಂದಾಗಿತ್ತು. ರಕ್ತ ತೆಗೆದೆ. ನಮೂನೆಯ ಹಾಳೆಯನ್ನು ಅವಳನ್ನು ಕೇಳದೆ ನಾನೇ ತುಂಬಿಸಿದೆ. ಒಡಹುಟ್ಟಿದವಳಲ್ಲಿ ಕೇಳುವುದಕ್ಕೆ ಏನುಂಟು? ಸಕ್ಕರೆ ಕಾಯಿಲೆ, ಇಲ್ಲ. ಕಾಮಾಲೆ, ಇಲ್ಲ. ಮೈ ತುರಿಕೆ, ಇಲ್ಲ.

ಆಮೇಲೆ ನನಗೆಂದು ತಂದ ಲಾಡಿನ ಡಬ್ಬಿ ಕೊಟ್ಟಳು. ಅದು ಅರ್ಧ ಖಾಲಿ.

"ಇದೆಂತ ಮಾರಾಯ್ತಿ?"

"ಬಸ್ಸಿನಲ್ಲಿ ಪಕ್ಕದಲ್ಲೊಂದು ಮಗು ಅಳ್ತಾ ಇತ್ತು. ಕೊಟ್ಟೆ."

ಅಷ್ಟಮಿಯ ಉಪವಾಸದ ದಿನವೂ ಕದ್ದು ಚಕ್ಕುಲಿ ತಿನ್ನುತ್ತಿದ್ದವಳು ಇವಳು. ನಾನು ಅವಳ ಕೆನ್ನೆ ಹಿಂಡಿದೆ.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಫೋನ್ ಮಾಡಿದೆ.

"ನಿಜ ಹೇಳು, ಎಷ್ಟು ಲಾಡು ತಿಂದಿದ್ದಿ?"

"ಒಂದೂ ತಿನ್ನಲಿಲ್ಲ ಅಕ್ಕ. ನೀರು ಬಿಟ್ಟು ಬೇರೆಂತದೂ ಇಲ್ಲ."

"ಆಯ್ತು ಆಯ್ತು, ಮಗುವೇ ತಿಂದದ್ದು. ಹೊಟ್ಟೆಯೊಳಗಿನ ಮಗು, ಅಲ್ವಾ?" ಎಂದು ನಗಾಡಿದೆ. ಮುಂದಿನ ವಾರ ಪುನಃ ಬಾ, ಈ ಸಲ ಸರಿಯಾಗಿ ಉಪವಾಸ ಮಾಡು ಎಂದೆ. ಅವಳು ಹೂಂ ಎಂದಳು. ಲಾಡು ಎಷ್ಟೆಂದರೂ ಇಷ್ಟು ಏರಿಸುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೂ ಕೆಂಪು ಗೆರೆ ಎಳೆದೆ. ಮೇಡಂ ಕೇಳಿದ್ದಕ್ಕೆ, "ನನ್ನ ತಂಗಿಯೇ, ತಿಂದು ಬಂದಿದ್ದಾಳೆ" ಎಂದೆ. ನನ್ನ ಮಾತನ್ನು ಅವರು ನಂಬಿದರು.

ಮುಂದಿನ ವಾರ ಅವಳು ಬರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ನಾನೂ ಒತ್ತಾಯಿಸಲಿಲ್ಲ. ಅದರ ಮುಂದಿನ ವಾರ ಅಮ್ಮನ ಫೋನ್ ಬಂತು, ಮಗು ಬೆಳಗ್ಗಿನಿಂದ ಅಲುಗಾಡುತ್ತಿಲ್ಲವಂತೆ. ಉಡುಪಿಯ ಆಸ್ಪತ್ರೆಗೆ ನಾನು ಓಡಿ ತಲುಪುವಾಗ ಎಲ್ಲ ಮುಗಿದಿತ್ತು. ಹೆಣ್ಣು ಮಗು. ತಲೆ ತುಂಬ ಕೂದಲಿತ್ತು.

ವಾರ್ಡಿನ ಡಾಕ್ಟರು ಅವಳನ್ನು ಕೇಳಿದರು, "ಅಂಗೈ ಅಂಗಾಲು ತುರಿಕೆ ಇತ್ತಾ?"

"ಇತ್ತು, ಒಂದು ತಿಂಗಳಿಂದ. ಕಾಪುವಿಗೆ ಬಂದ ಮೇಲೆ ಅಮ್ಮ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಬಸುರಿಯರಿಗೆ ತುರಿಕೆ ಸಾಮಾನ್ಯ ಅಂತ ಹೇಳಿದರು."

ಬಸುರಿಯರ ರಕ್ತದಲ್ಲಿ ಈ ಆಮ್ಲ ವಿಪರೀತ ಏರಿದರೆ ಕೆಲವೊಮ್ಮೆ ಮಗು ಹೊಟ್ಟೆಯಲ್ಲೇ ಹೋಗುತ್ತದೆ, ಮೊದಲೇ ತಿಳಿದರೆ ಎಚ್ಚರ ವಹಿಸಬಹುದಿತ್ತು ಎಂದು ಡಾಕ್ಟರು ಅವಳ ಗಂಡನಿಗೆ ವಿವರಿಸುತ್ತಿದ್ದರು. ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ.

ನಾಲ್ಕು ದಿನ ಕಳೆದು ಕಾಪುವಿನಲ್ಲಿ ಹೇಳಿದೆ. ಕುಡಿಯುವ ಮಗುವಿಲ್ಲದೆ ಎದೆಹಾಲು ಕಟ್ಟಿ ಅವಳಿಗೆ ಜ್ವರ ಬಂದಿತ್ತು. ಹಣೆಗೆ ಒದ್ದೆ ಬಟ್ಟೆ ಇಡುತ್ತ, ಕೇಳದೆ ತುಂಬಿದ ಹಾಳೆಯ ಸಂಗತಿ, ಆ ಫಲಿತಾಂಶ, ಕೆಂಪು ಗೆರೆ, ಎಲ್ಲವನ್ನೂ ಹೇಳಿ ಅತ್ತೆ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಗೋಡೆಯ ಕಡೆ ಮಗ್ಗುಲಾದಳು.

"ನೀನು ನಂಬಲಿಲ್ಲ ಅಂತ ನನಗೆ ಫೋನಿನಲ್ಲೇ ಗೊತ್ತಾಯಿತು ಅಕ್ಕ. ಬೇಜಾರಾಯಿತು. ಪುನಃ ರಕ್ತ ಕೊಡ್ಲಿಕ್ಕೆ ಬಾರದ್ದು ಅದಕ್ಕೇ" ಎಂದಳು. ಹಣೆಯ ಒದ್ದೆ ಬಟ್ಟೆಯನ್ನು ತೆಗೆದು ಬದಿಗಿಟ್ಟು, "ತುರಿಕೆಯ ವಿಷಯ ಆ ದಿನ ಫೋನಿನಲ್ಲೇ ನಿನ್ನಲ್ಲಿ ಹೇಳ್ಬೇಕು ಅಂತಲೇ ಇದ್ದೆ. ಅದಕ್ಕೂ ನೀನು ನಗಾಡಿದ್ರೆ ಅಂತ ಹೇಳಲಿಲ್ಲ" ಎಂದಳು.